ಎದೆಯ ಚಿತ್ರ ಸ್ವಚ್ಛವೆಂದರೆ ಎದೆಯೂ ಸ್ವಚ್ಛವೇ?

"ಎದೆಯ ಫೋಟೋ ತೆಗೆಸಿಯಾಯಿತು, ಏನೂ ಇಲ್ಲವಂತೆ" ಎಂಬ ಮಾತು ಮುಂಬಯಿಯಲ್ಲಿ ನೆಲಸಿರುವ ನಮ್ಮ ಕನ್ನಡಿಗರ ನಡುವೆ ಆಗಾಗ ಕೇಳಿಬರುವಂಥದು. ವಾರಗಟ್ಟಲೆ ಕೆಮ್ಮಿದವನು, ಸಂಜೆಯಾಗುತ್ತಲೇ ಮೈ ಕಾಯುವವನು, ಕಳೆದ ವರುಷ ಹೊಲಿಸಿದ ಅಂಗಿ ಈ ವರುಷ ಹೆಗಲಿನಿಂದ ಜೋತುಬೀಳುವಷ್ಟು ಸೊರಗಿದವನು ಕೂಡ ಈ ಒಂದು ಮಾತಿನಿಂದ ತಾನೂ ಸಮಾಧಾನ ಹೊಂದುತ್ತಾನೆ, ತನ್ನ ಧಣಿಗೂ ಸಮಾಧಾನ ಹೇಳುತ್ತಾನೆ. ಕ್ಷ-ಕಿರಣದ ಆ ಕರಿಯ ಹಾಳೆಯ ಮೇಲೆ ನಮಗಿರುವ ವಿಶ್ವಾಸ ಅಷ್ಟು ದೊಡ್ಡದು. ಬಹುಮಟ್ಟಿಗೆ ಆ ವಿಶ್ವಾಸ ನ್ಯಾಯವಾದುದೇ ಆಗಿದೆ. ಆದರೆ ಒಂದು ವರ್ಗದ ರೋಗಿಗಳ ವಿಷಯದಲ್ಲಿ ಅದು ಪ್ರಾಣಕ್ಕೇ ಎರವಾಗಬಹುದು. ಎಚ್.ಐ.ವಿ. ಸೋಂಕಿನೊಡನೆ ಬಾಳುತ್ತಿರುವವರೇ ಆ ವರ್ಗದವರು.

ಅವರ ಎದೆಯಲ್ಲಿ ಕ್ಷಯವಿದ್ದೂ ಚಿತ್ರದಲ್ಲಿ ಅದು ಕಾಣದೆ ಹೋಗಬಹುದು. ಕಂಡರೂ ನಾವು ನಿರೀಕ್ಷಿಸುವ ಕಡೆಯಲ್ಲಿ, ನಿರೀಕ್ಷಿಸುವ ರೂಪದಲ್ಲಿ ಕಾಣದೆ ಇರಬಹುದು. ಈ ಸಂಗತಿ ವೈದ್ಯರಿಗೆ ಹೊಸದಲ್ಲ. ಆದರೆ ಕೆಲಸಗಾರರನ್ನು ಇಟ್ಟುಕೊಂಡು ವ್ಯವಹಾರ ನಡೆಸುವ ನಮ್ಮಂಥವರಿಗೆ ಇದು ತಿಳಿಯದಿರುವುದರಿಂದ ಆಗುವ ಅನಾಹುತ ಸಣ್ಣದಲ್ಲ. ಆದುದರಿಂದಲೇ ಇಂದು ಈ ಅಂಕಣವನ್ನು ಈ ವಿಷಯಕ್ಕೆ ಮೀಸಲಿಡಬೇಕೆಂದು ನಮಗೆ ತೋರಿತು.

ನಾವು ವೈದ್ಯರಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಊರು ಬಿಟ್ಟು ಬಂದು, ಹೊಟೇಲಿನ ಗಲ್ಲೆಯ ಹಿಂದೆ ಹಲವು ವರುಷ ಕುಳಿತು, ಆ ಬಳಿಕ ಪತ್ರಿಕೆಯ ಮೇಜಿಗೆ ಬಂದವರು. ಇಲ್ಲಿ ಬರೆಯುತ್ತಿರುವುದು ಬಲ್ಲವರನ್ನು ಕೇಳಿ, ಓದಿ ತಿಳಿದುಕೊಂಡದ್ದು. ತಿಳಿದುಕೊಳ್ಳಬೇಕೆಂಬ ಅಗತ್ಯ ನಮಗೆ ಬಂದುದಾದರೋ ನಮ್ಮದೇ ಒಂದು ತಪ್ಪಿನಿಂದ.

ನಮ್ಮ ಅಂಗಳದಲ್ಲಿಯೇ ನಡೆದದ್ದು

2014ರಲ್ಲಿ ನಮ್ಮ ಹೊಟೇಲಿನಲ್ಲಿ ದುಡಿಯುತ್ತಿದ್ದವನೊಬ್ಬ ಸೊರಗತೊಡಗಿದ. ಅವನ ಹೆಸರನ್ನಾಗಲಿ ಊರನ್ನಾಗಲಿ ಮಾಡುತ್ತಿದ್ದ ಕೆಲಸವನ್ನಾಗಲಿ ಇಲ್ಲಿ ಬರೆಯುವುದಿಲ್ಲ. ತೀರಿಹೋದವನ ಗುಟ್ಟೂ ಗುಟ್ಟೇ. ಕೆಮ್ಮು ಬಹಳವಿರಲಿಲ್ಲ. ಸಂಜೆಯ ಜ್ವರ, ರಾತ್ರಿ ಚಾಪೆ ತೊಯ್ಯುವಷ್ಟು ಬೆವರು, ಊಟ ಸೇರದಿರುವುದು ಇಷ್ಟೇ. ನಾವೇ ಹಣ ಕೊಟ್ಟು ಎದೆಯ ಫೋಟೋ ತೆಗೆಸಿಕೊಂಡು ಬರುವಂತೆ ಕಳುಹಿಸಿದೆವು. ಅವನು ಹಾಳೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು, "ಫೋಟೋ ಕ್ಲೀನ್ ಇದೆಯಂತೆ ಅಣ್ಣ" ಎಂದ. ವರದಿಯಲ್ಲಿಯೂ ಹಾಗೆಯೇ ಇತ್ತು. ನಮ್ಮ ಕರ್ತವ್ಯ ಮುಗಿಯಿತೆಂದು ನಮಗೆ ಅನಿಸಿತು. "ಸರಿ, ಇನ್ನು ಚೆನ್ನಾಗಿ ಊಟ ಮಾಡು, ಕೆಲಸಕ್ಕೆ ನಿಲ್ಲು" ಎಂದೆವು. ಅವನು ನಿಂತ.

ಮೂರು ವಾರಗಳ ಬಳಿಕ ಅವನಿಗೆ ನಿಲ್ಲಲೂ ಆಗಲಿಲ್ಲ. ಆಸ್ಪತ್ರೆಗೆ ಸೇರಿಸಿದಾಗ ಕತ್ತಿನ ಬದಿಯಲ್ಲಿ ಗಂಟುಗಳಿರುವುದನ್ನು ವೈದ್ಯರು ಕಂಡರು. ಕಫವನ್ನೂ ಗಂಟಿನಿಂದ ತೆಗೆದ ರಸವನ್ನೂ ಪರೀಕ್ಷಿಸಿದಾಗ ಎರಡರಲ್ಲಿಯೂ ಕ್ಷಯದ ಕ್ರಿಮಿ ಇತ್ತು. ರಕ್ತದಲ್ಲಿ ಎಚ್.ಐ.ವಿ. ಇದ್ದ ಸಂಗತಿ ಅವನಿಗೆ ಎರಡು ವರುಷಗಳಿಂದ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ. ಫೋಟೋ ಓದಿದವರಿಗೂ ಗೊತ್ತಿರಲಿಲ್ಲ, ಏಕೆಂದರೆ ಅವನು ಅಲ್ಲಿಯೂ ಹೇಳಿರಲಿಲ್ಲ. ಔಷಧಿಯನ್ನು ಕೆಲವು ತಿಂಗಳು ತೆಗೆದುಕೊಂಡು ಬಿಟ್ಟಿದ್ದ. ಕೇಂದ್ರಕ್ಕೆ ಹೋಗಲು ಹಗಲಿನ ರಜೆ ಬೇಕು; ರಜೆ ಏತಕ್ಕೆಂದು ಧಣಿ ಕೇಳುತ್ತಾನೆ.

ಹಾಸಿಗೆಯ ಬಳಿ ಕುಳಿತು, "ನಮಗೊಂದು ಮಾತು ಹೇಳಬಾರದಿತ್ತೇ?" ಎಂದು ಕೇಳಿದೆವು. "ಹೇಳಿದ್ದರೆ ಇಟ್ಟುಕೊಳ್ಳುತ್ತಿದ್ದಿರಾ ಅಣ್ಣ?" ಎಂದು ಅವನು ಕೇಳಿದ. ನಮ್ಮ ಬಳಿ ಉತ್ತರವಿರಲಿಲ್ಲ. ಹನ್ನೊಂದನೆಯ ದಿನ ಅವನು ತೀರಿಕೊಂಡ.

ಚಿತ್ರ ತೆಗೆದವರ ಮೇಲೆ ನಾವು ತಪ್ಪು ಹೊರಿಸುವುದಿಲ್ಲ. ಅವರ ಮುಂದಿದ್ದ ಹಾಳೆ ಸ್ವಚ್ಛವೇ ಆಗಿತ್ತು, ಅವರು ಕಂಡದ್ದನ್ನೇ ಬರೆದಿದ್ದರು. ಆದರೆ ಆ ಹಾಳೆಗೆ ಅದು ಹೇಳದೆ ಇದ್ದ ಅರ್ಥವನ್ನು ಕೊಟ್ಟವರು ನಾವು.

ಚಿತ್ರದಲ್ಲಿ ಕಾಣುವುದು ಏನು?

ಕ್ಷಯದ ಕ್ರಿಮಿಯನ್ನು ರಾಬರ್ಟ್ ಕೋಕ್ ಎಂಬ ಜರ್ಮನ್ ವೈದ್ಯ ಜಗತ್ತಿಗೆ ಸಾರಿದ್ದು 1882ರ ಮಾರ್ಚ್ 24ರಂದು. ಅದೇ ದೇಶದ ರಂಟ್ಜೆನ್ ಎಂಬ ವಿಜ್ಞಾನಿ 1895ರಲ್ಲಿ ಕ್ಷ-ಕಿರಣವನ್ನು ಕಂಡುಹಿಡಿದರು. ಅಂದಿನಿಂದ ಇಂದಿನ ವರೆಗೆ ಎದೆಯ ಚಿತ್ರವೆಂದರೆ ಕ್ಷಯದ ಚಿತ್ರವೆಂದೇ ಜನ ತಿಳಿದಿದ್ದಾರೆ. ಆದರೆ ಆ ಚಿತ್ರದಲ್ಲಿ ಕ್ರಿಮಿ ಕಾಣುವುದಿಲ್ಲ ಎಂಬುದನ್ನು ನಾವು ಮೊದಲು ಮನಗಾಣಬೇಕು. ಅಲ್ಲಿ ಬಿಳಿಯ ನೆರಳಾಗಿ ಕಾಣುವುದು ಕ್ರಿಮಿಯೊಡನೆ ನಮ್ಮ ಶರೀರ ನಡೆಸಿದ ಕಾಳಗದ ಗುರುತು.

ಗಟ್ಟಿಮುಟ್ಟಾದ ಮನುಷ್ಯನಿಗೆ ಕ್ಷಯ ತಗಲಿದಾಗ ಅವನ ರಕ್ತದ ರಕ್ಷಕ ಕಣಗಳು ಕ್ರಿಮಿಗಳನ್ನು ಮುತ್ತಿ ಕೋಟೆ ಕಟ್ಟುತ್ತವೆ. ಆ ಹೋರಾಟದಲ್ಲಿ ಶ್ವಾಸಕೋಶದ ಭಾಗ ಕೊಳೆತು ಗುಳಿ ಬೀಳುತ್ತದೆ. ಸಾಮಾನ್ಯವಾಗಿ ಅದು ಮೇಲ್ಭಾಗದಲ್ಲಿ, ಹೆಗಲೆಲುಬಿನ ಹತ್ತಿರ. ಹಳೆಯ ಕಾಲದ ವೈದ್ಯರು ಹಾಳೆಯನ್ನು ಬೆಳಕಿಗೆ ಹಿಡಿದು ಮೊದಲು ಆ ಕಡೆಗೇ ಕಣ್ಣು ಹಾಯಿಸುತ್ತಿದ್ದುದು ಈ ಕಾರಣದಿಂದಲೇ.

ಎಚ್.ಐ.ವಿ. ನಾಶಪಡಿಸುವುದು ಈ ರಕ್ಷಕ ಕಣಗಳನ್ನೇ. ಸಿ.ಡಿ.4 ಎಂದು ಕರೆಯಲ್ಪಡುವ ಈ ಕಣಗಳು ಆರೋಗ್ಯವಂತನ ಒಂದು ಘನ ಮಿಲಿಮೀಟರ್ ರಕ್ತದಲ್ಲಿ 500ಕ್ಕಿಂತ ಹೆಚ್ಚಾಗಿರುತ್ತವೆ. ಸೋಂಕು ತಗಲಿದವನಲ್ಲಿಯೂ ಈ ಸಂಖ್ಯೆ ಚೆನ್ನಾಗಿರುವ ವರೆಗೆ ಕ್ಷಯದ ಚಿತ್ರ ಇತರರಲ್ಲಿ ಇರುವಂತೆಯೇ ಇರುತ್ತದೆ. ಸಂಖ್ಯೆ 200ಕ್ಕಿಂತ ಕೆಳಗೆ ಇಳಿದಾಗ ಚಿತ್ರ ಬದಲಾಗುತ್ತದೆ. ಕೋಟೆ ಕಟ್ಟುವ ಸೈನಿಕರೇ ಇಲ್ಲದ ಮೇಲೆ ಗುಳಿ ಬೀಳುವುದು ಎಲ್ಲಿ? ನೆರಳು ಮೇಲ್ಭಾಗವನ್ನು ಬಿಟ್ಟು ಕೆಳಭಾಗದಲ್ಲಿ, ಸಾಧಾರಣ ನ್ಯುಮೋನಿಯಾದಂತೆ ತೋರಬಹುದು. ಎರಡು ಶ್ವಾಸಕೋಶಗಳ ನಡುವೆ ಇರುವ ಗ್ರಂಥಿಗಳು ಮಾತ್ರ ಊದಿಕೊಂಡಿರಬಹುದು. ಶ್ವಾಸಕೋಶದ ಹೊದಿಕೆಯಲ್ಲಿ ನೀರು ತುಂಬಬಹುದು. ಇಲ್ಲವೇ ರೋಗ ರಕ್ತದ ಮೂಲಕ ಮೈಯೆಲ್ಲ ಹರಡಿ, ಎದೆಯ ತುಂಬ ಕಾಳು ಚೆಲ್ಲಿದಂತೆ ಸಣ್ಣ ಸಣ್ಣ ಚುಕ್ಕೆಗಳು ಏಳಬಹುದು. ಇಂಗ್ಲಿಷ್ ವೈದ್ಯರು ಇದನ್ನು ಮಿಲಿಯರಿ ಎಂದು ಕರೆಯುವುದು ನವಣೆಯಂಥ ಕಿರುಧಾನ್ಯದ ಹೋಲಿಕೆಯಿಂದಲೇ. ಆ ಚುಕ್ಕೆಗಳು ಮೊದಲ ವಾರಗಳಲ್ಲಿ ಎಷ್ಟು ಸೂಕ್ಷ್ಮವಾಗಿರುತ್ತವೆಯೆಂದರೆ ಅನುಭವವಿರುವ ಕಣ್ಣಿಗೂ ತಪ್ಪಿಹೋಗುವುದುಂಟು.

ಎಲ್ಲಕ್ಕಿಂತ ಮೋಸದ್ದು ಸ್ವಚ್ಛವಾದ ಚಿತ್ರ. ಕಫದಲ್ಲಿ ಕ್ಷಯದ ಕ್ರಿಮಿ ಬೆಳೆದು ರೋಗ ಖಚಿತವಾದ ಎಚ್.ಐ.ವಿ. ರೋಗಿಗಳಲ್ಲಿಯೇ, ಸಿ.ಡಿ.4 ಸಂಖ್ಯೆ 200ಕ್ಕಿಂತ ಕಡಿಮೆಯಿರುವವರಲ್ಲಿ ಐವರಲ್ಲಿ ಒಬ್ಬನಷ್ಟು ಮಂದಿಯ ಚಿತ್ರ ನಿರ್ದೋಷವಾಗಿ ಕಂಡುದುಂಟು. ಅಂದರೆ ಶರೀರ ತೀರ ಸೋತಾಗ ಚಿತ್ರ ಸ್ವಚ್ಛವಾಗುತ್ತದೆ. ಕಾಳಗವೇ ನಡೆಯದ ಊರಿನಲ್ಲಿ ಗೋಡೆಗಳಿಗೆ ಗುಂಡಿನ ಗುರುತು ಇರುವುದಿಲ್ಲ; ಹಾಗೆಂದು ಆ ಊರನ್ನು ಶತ್ರು ಹಿಡಿದಿಲ್ಲವೆಂದು ಹೇಳಲಾಗದು.

ಕಫದ ಪರೀಕ್ಷೆಯೂ ಸೋತಾಗ

"ಚಿತ್ರ ಹೋಗಲಿ, ಕಫ ಪರೀಕ್ಷೆ ಇದೆಯಲ್ಲ" ಎಂದು ವಾಚಕರು ಕೇಳಬಹುದು. ಸೂಕ್ಷ್ಮದರ್ಶಕದಲ್ಲಿ ಕಫವನ್ನು ನೋಡುವ ಹಳೆಯ ಪರೀಕ್ಷೆಯೂ ಇಂಥವರಲ್ಲಿ ಅನೇಕ ವೇಳೆ ಸೋಲುತ್ತದೆ. ಕಾರಣ ಮೇಲೆ ಹೇಳಿದ್ದೇ. ಗುಳಿ ಬಿದ್ದ ಶ್ವಾಸಕೋಶದಿಂದ ಕ್ರಿಮಿಗಳು ಹಿಂಡುಹಿಂಡಾಗಿ ಕಫಕ್ಕೆ ಬರುತ್ತವೆ. ಗುಳಿಯಿಲ್ಲದಲ್ಲಿ ಬರುವ ಕ್ರಿಮಿಗಳು ಕೆಲವೇ. ಆದುದರಿಂದ ಅತ್ಯಂತ ದುರ್ಬಲನಾದ ರೋಗಿಯ ಪಾಲಿಗೆ ಚಿತ್ರ, ಕಫ ಎರಡೂ ಏಕಕಾಲಕ್ಕೆ "ಏನೂ ಇಲ್ಲ" ಎಂದು ಹೇಳಬಹುದು. ಎಚ್.ಐ.ವಿ. ಇರುವವರಲ್ಲಿ ಸಾವಿಗೆ ಮುಖ್ಯ ಕಾರಣ ಇಂದಿಗೂ ಕ್ಷಯವೇ ಆಗಿರುವುದರಲ್ಲಿ ಈ ಮೋಸದ ಪಾಲೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ ಕ್ಷಯದಿಂದ ಮೃತರಾದವರು ಸುಮಾರು 12.5 ಲಕ್ಷ, ಅವರಲ್ಲಿ ಎಚ್.ಐ.ವಿ. ಇದ್ದವರು ಸುಮಾರು 1.61 ಲಕ್ಷ. ನಮ್ಮ ದೇಶದಲ್ಲಿ ಎಚ್.ಐ.ವಿ.ಯೊಡನೆ ಬಾಳುತ್ತಿರುವವರು ಸುಮಾರು 25 ಲಕ್ಷ. ಕ್ಷಯದ ಹೊರೆಯಲ್ಲಿ ಜಗತ್ತಿನ ಕಾಲು ಭಾಗಕ್ಕಿಂತ ಹೆಚ್ಚಿನದು ನಮ್ಮದೇ. ಎರಡೂ ಒಂದೇ ಮನೆಯಲ್ಲಿ ಕೂಡಿದಾಗ ಆಗುವುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಂತೋಷದ ಸಂಗತಿಯೆಂದರೆ, ಇಂದು ಇದಕ್ಕೆ ಉಪಾಯಗಳಿವೆ. ಕಫದಲ್ಲಿ ಕ್ರಿಮಿಯ ವಂಶಾಂಶವನ್ನೇ ಹುಡುಕುವ ಯಂತ್ರಗಳು ಬಂದಿವೆ. 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ, ನಮ್ಮಲ್ಲಿ ಸಿ.ಬಿ.ನ್ಯಾಟ್ ಎಂದು ಕರೆಯಲ್ಪಡುವ ಪರೀಕ್ಷೆ ಒಂದು. 2020ರಲ್ಲಿ ಅದೇ ಸಂಸ್ಥೆಯ ಒಪ್ಪಿಗೆ ಪಡೆದ ಟ್ರೂನ್ಯಾಟ್ ಇನ್ನೊಂದು. ಇದರ ಹಿಂದೆ ಬೆಂಗಳೂರಿನ ಪ್ರಯೋಗಶಾಲೆಯೊಂದರ ದುಡಿಮೆ ಇದೆಯೆಂಬುದು ಕನ್ನಡಿಗರಿಗೆ ಹೆಮ್ಮೆಯ ಮಾತು. ತೀರ ಸೊರಗಿದ ಎಚ್.ಐ.ವಿ. ರೋಗಿಗಳಲ್ಲಿ ಮೂತ್ರದಿಂದಲೇ ಕ್ಷಯದ ಸುಳಿವು ಹಿಡಿಯುವ ಲ್ಯಾಮ್ ಎಂಬ ಪಟ್ಟಿ ಪರೀಕ್ಷೆಯೂ ಇದೆ. ಕಫ ಬಾರದವನಿಗೂ ಇದು ಒದಗುತ್ತದೆ. ಎಕ್ಸ್‌ರೇಯಲ್ಲಿ ಮರೆಯಾದ ಗ್ರಂಥಿಗಳನ್ನೂ ಸಣ್ಣ ಚುಕ್ಕೆಗಳನ್ನೂ ಸಿ.ಟಿ. ಸ್ಕ್ಯಾನ್ ತೋರಿಸಬಲ್ಲದು, ಹೊಟ್ಟೆಯ ಗ್ರಂಥಿಗಳನ್ನು ಸೋನೋಗ್ರಫಿ ತೋರಿಸಬಲ್ಲದು. ಯಾವುದು ಯಾರಿಗೆ ಬೇಕೆಂಬುದು ವೈದ್ಯರು ನಿಶ್ಚಯಿಸತಕ್ಕ ವಿಷಯ. ಆದರೆ ಈ ಬಾಗಿಲುಗಳು ತೆರೆಯಬೇಕಾದರೆ ಎಕ್ಸ್‌ರೇಯ ಸ್ವಚ್ಛ ಹಾಳೆಯನ್ನು ಕಡೆಯ ತೀರ್ಪೆಂದು ನಂಬುವುದನ್ನು ನಾವು ಬಿಡಬೇಕು.

ತುಮಕೂರು ಕಲಿಸಿದ ಪಾಠ

ಚಿತ್ರಕ್ಕಿಂತ ಮೊದಲು ಮನುಷ್ಯನನ್ನು ಕೇಳಬೇಕೆಂಬ ಪಾಠ ನಮ್ಮ ನಾಡಿಗೆ ಹೊಸದಲ್ಲ. ಎಚ್.ಐ.ವಿ.ಯ ಹೆಸರೂ ಇಲ್ಲದ ಕಾಲದಲ್ಲಿ, 1955ರಿಂದ 1958ರ ವರೆಗೆ, ನಮ್ಮ ದೇಶದಲ್ಲಿ ಕ್ಷಯದ ದೊಡ್ಡ ಸಮೀಕ್ಷೆಯೊಂದು ಎಕ್ಸ್‌ರೇ ಯಂತ್ರಗಳ ಸಹಾಯದಿಂದ ನಡೆಯಿತು. ಊರೂರಿಗೆ ಯಂತ್ರ ಒಯ್ದು ಎಲ್ಲರ ಎದೆಯ ಚಿತ್ರ ತೆಗೆದರೆ ರೋಗ ಸಿಕ್ಕಿಬೀಳುವುದೆಂಬ ಭರವಸೆ ಅಂದು ಅನೇಕರಲ್ಲಿತ್ತು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಅಲ್ಲಿಯ ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬಿಬ್ಬರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ವಿಚಾರಿಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೊಂದು ಸತ್ಯವನ್ನು ತೋರಿಸಿತು. ಕ್ಷಯ ಇದ್ದವರಲ್ಲಿ ಹೆಚ್ಚಿನವರಿಗೆ ತಮ್ಮ ಮೈ ಕೆಟ್ಟಿರುವುದು ಗೊತ್ತಿತ್ತು. ಸುಮಾರು ಅರ್ಧದಷ್ಟು ಮಂದಿ ಚಿಕಿತ್ಸೆಗೆಂದು ಆಗಲೇ ಹೋಗಿಯೂ ಬಂದಿದ್ದರು. ಅವರಲ್ಲಿ ಬಹಳ ಮಂದಿಗೆ ಸಿಕ್ಕಿದ್ದು ಒಂದು ಸೀಸೆ ಕೆಮ್ಮಿನ ಔಷಧಿ.

ರೋಗಿ ತಾನಾಗಿ ಬಾಗಿಲಿಗೆ ಬಂದಿದ್ದ, ಹೇಳುವುದನ್ನು ಹೇಳಿದ್ದ. ಕೇಳುವವರು ಸರಿಯಾಗಿ ಕೇಳಿರಲಿಲ್ಲ ಎಂಬುದೇ ಆ ಅಧ್ಯಯನದ ಸಾರ. ಇಂದು ಎಚ್.ಐ.ವಿ. ಇರುವವರಿಗಾಗಿ ವಿಶ್ವ ಆರೋಗ್ಯ ಸಂಸ್ಥೆ ಮೊದಲು ಕೇಳಹೇಳುವುದೂ ನಾಲ್ಕೇ ಪ್ರಶ್ನೆ. ಈಗ ಕೆಮ್ಮು ಇದೆಯೇ? ಜ್ವರ ಇದೆಯೇ? ತೂಕ ಇಳಿದಿದೆಯೇ? ರಾತ್ರಿ ಬೆವರುತ್ತದೆಯೇ? ಇತರರಲ್ಲಿ ಎರಡು ವಾರದ ಕೆಮ್ಮನ್ನು ಸಂಶಯಕ್ಕೆ ಕಾರಣವೆಂದು ಎಣಿಸುತ್ತಾರೆ. ಇವರಲ್ಲಿ ನಾಲ್ಕರಲ್ಲಿ ಒಂದು ಇದ್ದರೂ, ಎಷ್ಟೇ ದಿನದ್ದಾದರೂ, ಮುಂದಿನ ಪರೀಕ್ಷೆ ಆಗಲೇಬೇಕು. ನಮ್ಮ ಕೆಲಸಗಾರನಿಗೆ ನಾಲ್ಕರಲ್ಲಿ ಮೂರು ಇದ್ದವು. ಈ ಪ್ರಶ್ನೆ ಕೇಳಲು ಯಂತ್ರ ಬೇಕಿರಲಿಲ್ಲ, ವಿದ್ಯೆಯೂ ಬೇಕಿರಲಿಲ್ಲ.

ಹಾಗಾದರೆ ಚಿತ್ರ ಬೇಡವೇ?

ನಮ್ಮ ಮಾತನ್ನು ಯಾರೂ ತಪ್ಪಾಗಿ ತಿಳಿಯಬಾರದು. ಎದೆಯ ಚಿತ್ರ ಬೇಕು. ಎಚ್.ಐ.ವಿ.ಯ ಔಷಧಿಯನ್ನು ನಿಯಮದಿಂದ ತೆಗೆದುಕೊಳ್ಳುತ್ತಿರುವವರಲ್ಲಿ ಕ್ಷಯ ಕೆಮ್ಮು ಜ್ವರಗಳಿಲ್ಲದೆ ಅಡಗಿರುವುದುಂಟು. ಅಲ್ಲಿ ನಾಲ್ಕು ಪ್ರಶ್ನೆಗಳು ತಪ್ಪಿದ್ದನ್ನು ಚಿತ್ರ ಹಿಡಿಯುತ್ತದೆ. ಪ್ರಶ್ನೆ ಮತ್ತು ಚಿತ್ರ ಒಂದಕ್ಕೊಂದು ಜೊತೆಯಾಗಿರಬೇಕು, ಒಂದು ಇನ್ನೊಂದರ ಬಾಯಿ ಮುಚ್ಚಿಸಬಾರದು. ಈಚೆಗೆ ಚಿತ್ರವನ್ನು ಯಂತ್ರವೇ ಓದಿ ಹೇಳುವ ಏರ್ಪಾಡು ಬಂದಿದೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 15 ವರುಷ ಮೀರಿದವರ ತಪಾಸಣೆಗೆ ಅದನ್ನು ಒಪ್ಪಿತು. ವೈದ್ಯರ ಕೊರತೆಯಿರುವ ಕಡೆ ಇದು ಉಪಕಾರಿ. ಆದರೆ ಯಂತ್ರವೂ ಓದಬಲ್ಲದ್ದು ಹಾಳೆಯಲ್ಲಿರುವುದನ್ನು ಮಾತ್ರ.

ಇನ್ನು, ಚಿತ್ರದಲ್ಲಿ ನೆರಳು ಕಂಡಾಕ್ಷಣ ಅದು ಕ್ಷಯವೇ ಎಂದು ಎದೆಗುಂದಬೇಕಾಗಿಯೂ ಇಲ್ಲ. ಎಚ್.ಐ.ವಿ. ಇರುವವರ ಎದೆಯಲ್ಲಿ ಸಾಧಾರಣ ನ್ಯುಮೋನಿಯಾ, ನ್ಯುಮೋಸಿಸ್ಟಿಸ್ ಎಂಬ ಶಿಲೀಂಧ್ರದಿಂದ ಬರುವ ನ್ಯುಮೋನಿಯಾ ಮುಂತಾದ ಬೇರೆ ಕಾಯಿಲೆಗಳೂ ನೆರಳು ಬೀರುತ್ತವೆ, ಅವುಗಳ ಔಷಧಿ ಬೇರೆ. ಇದನ್ನೂ ಬಿಡಿಸಿ ನೋಡಬೇಕಾದವರು ವೈದ್ಯರೇ.

ಮತ್ತೊಂದು ಸಂಗತಿಯನ್ನು ಮನೆಯವರು ಅವಶ್ಯವಾಗಿ ತಿಳಿದಿರಬೇಕು. ಕ್ಷಯದ ಔಷಧಿ ಆರಂಭವಾದ ಬಳಿಕ ಎಚ್.ಐ.ವಿ.ಯ ಔಷಧಿಯನ್ನೂ ಬೇಗನೆ, ಸಾಮಾನ್ಯವಾಗಿ ಎರಡು ವಾರಗಳೊಳಗೆ, ಆರಂಭಿಸುತ್ತಾರೆ; ಕ್ಷಯ ಮಿದುಳಿನ ಪೊರೆಗೆ ತಗಲಿದ್ದರೆ ಮಾತ್ರ ತಡೆದು ಕೊಡುತ್ತಾರೆ. ಹೀಗೆ ಆರಂಭಿಸಿದ ಮೊದಲ ವಾರಗಳಲ್ಲಿ ಕೆಲವರಿಗೆ ಜ್ವರ ಮರಳುತ್ತದೆ, ಗಂಟುಗಳು ದೊಡ್ಡದಾಗುತ್ತವೆ, ಎದೆಯ ಚಿತ್ರ ಮೊದಲಿಗಿಂತ ಕೆಟ್ಟದಾಗಿ ಕಾಣುತ್ತದೆ. "ಔಷಧಿಯಿಂದಲೇ ಹೀಗಾಯಿತು" ಎಂದು ಮನೆಯವರು ಎಲ್ಲವನ್ನೂ ನಿಲ್ಲಿಸಿ, ರೋಗಿಯನ್ನು ಊರಿನ ಬಸ್ಸು ಹತ್ತಿಸಿಬಿಡುವುದು ಅಪರೂಪವಲ್ಲ. ಆದರೆ ಅನೇಕ ವೇಳೆ ಇದು ಸೋತಿದ್ದ ಸೈನ್ಯ ಮತ್ತೆ ಎದ್ದು ಕಾಳಗಕ್ಕೆ ನಿಂತುದರ ಲಕ್ಷಣ. ಇಂಥ ಸಮಯದಲ್ಲಿ ಓಡಿಹೋಗಬೇಕಾದುದು ವೈದ್ಯರ ಬಳಿಗೆ. ತಾವಾಗಿ ಔಷಧಿ ನಿಲ್ಲಿಸತಕ್ಕದ್ದಲ್ಲ.

ಬಾಯಿ ಬಿಡದ ರೋಗಿ

ಇಷ್ಟೆಲ್ಲವನ್ನು ಬರೆದ ಮೇಲೆ ನಾವು ಮುಖ್ಯವಾಗಿ ಹೇಳಬೇಕಾದ ಮಾತಿಗೆ ಬರುತ್ತೇವೆ. ಎದೆಯ ಚಿತ್ರವನ್ನು ಓದುವವರಿಗೆ ರೋಗಿಯ ಎಚ್.ಐ.ವಿ. ಸಂಗತಿ ತಿಳಿದಿದ್ದರೆ ಅದೇ ಹಾಳೆಯನ್ನು ಅವರು ಬೇರೆ ಕಣ್ಣಿನಿಂದ ಓದುತ್ತಾರೆ. ಮೇಲ್ಭಾಗವನ್ನಷ್ಟೇ ಅಲ್ಲ, ನಡುವಿನ ಗ್ರಂಥಿಗಳನ್ನೂ ಕೆಳಗಿನ ಮೂಲೆಗಳನ್ನೂ ನೋಡುತ್ತಾರೆ. ಏನೂ ಕಾಣದಿದ್ದರೂ "ಇಷ್ಟಕ್ಕೇ ಬಿಡಬೇಡಿ" ಎಂದು ಬರೆಯುತ್ತಾರೆ. ತಿಳಿಯದಿದ್ದರೆ, ಸ್ವಚ್ಛವೆಂದು ಬರೆದು ಕಳುಹಿಸುತ್ತಾರೆ. ಆದುದರಿಂದ ಚಿತ್ರದ ಸತ್ಯ ಅರ್ಧ ಯಂತ್ರದಲ್ಲಿದ್ದರೆ ಇನ್ನರ್ಧ ರೋಗಿಯ ಬಾಯಲ್ಲಿದೆ. ಆ ಬಾಯನ್ನು ಮುಚ್ಚಿಸಿರುವವರು ಯಾರು?

ಬಹುಮಟ್ಟಿಗೆ ನಾವೇ. ಅನ್ನ ಕೊಡುವ ವ್ಯವಹಾರದಲ್ಲಿ ಇರುವ ನಮಗೆ ಎಚ್.ಐ.ವಿ. ಎಂಬ ಹೆಸರು ಕೇಳಿದರೇ ಗಿರಾಕಿಗಳು ಓಡಿಹೋದಾರೆಂಬ ಭಯ. ಆದರೆ ಈ ಸೋಂಕು ಅಡುಗೆಯಿಂದ, ತಟ್ಟೆ ಲೋಟಗಳಿಂದ, ಜೊತೆಯಲ್ಲಿ ಕುಳಿತು ಉಣ್ಣುವುದರಿಂದ ಹರಡುವುದಿಲ್ಲ. 1986ರಲ್ಲಿ ಚೆನ್ನೈಯಲ್ಲಿ ಡಾ. ಸುನೀತಿ ಸಾಲೋಮನ್ ಅವರ ತಂಡ ನಮ್ಮ ದೇಶದ ಮೊದಲ ಸೋಂಕುಗಳನ್ನು ಗುರುತಿಸಿ ನಾಲ್ಕು ದಶಕಗಳು ಕಳೆಯುತ್ತ ಬಂದರೂ ಈ ಸರಳ ಸಂಗತಿ ನಮ್ಮ ಅಡುಗೆಮನೆಗಳ ಬಾಗಿಲು ದಾಟಿಲ್ಲ. ಕ್ಷಯವಾದರೋ ಗಾಳಿಯಿಂದ ಹರಡುವಂಥದು; ತಟ್ಟೆಯಿಂದಲ್ಲ. ಗಾಳಿ ಆಡದ ಅಟ್ಟದಲ್ಲಿ ಹತ್ತು ಮಂದಿಯನ್ನು ಒತ್ತೊತ್ತಾಗಿ ಮಲಗಿಸುವುದೇ ಅದಕ್ಕೆ ನಾವು ಮಾಡುವ ದೊಡ್ಡ ಉಪಕಾರ. ಅದೂ ಸರಿಯಾದ ಔಷಧಿ ಬಿದ್ದ ಕೆಲವು ವಾರಗಳಲ್ಲಿಯೇ ಇತರರಿಗೆ ಹರಡುವ ಬಲವನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ. ಅಂದರೆ ಕೆಲಸಗಾರನ ರೋಗವನ್ನು ಬೇಗನೆ ಕಂಡುಹಿಡಿಯುವುದು ಗಿರಾಕಿಗೂ ಕ್ಷೇಮ, ಧಣಿಗೂ ಕ್ಷೇಮ. ಹೆದರಿಸಿ ಮುಚ್ಚಿಡಿಸಿದ ರೋಗವೇ ಎಲ್ಲರಿಗೂ ಅಪಾಯ.

ಕಾನೂನು ಕೂಡ ಈ ವಿಷಯದಲ್ಲಿ ಸ್ಪಷ್ಟವಾಗಿದೆ. 2017ರಲ್ಲಿ ಸಂಸತ್ತು ಅಂಗೀಕರಿಸಿದ, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್.ಐ.ವಿ. ಮತ್ತು ಏಡ್ಸ್ ಅಧಿನಿಯಮದ ಪ್ರಕಾರ, ಸೋಂಕಿನ ಕಾರಣದಿಂದ ಯಾರನ್ನೂ ಅನ್ಯಾಯವಾಗಿ ಕೆಲಸದಿಂದ ತೆಗೆಯಲಾಗದು. ಕೆಲಸ ಕೊಡುವುದಕ್ಕೆ ಎಚ್.ಐ.ವಿ. ಪರೀಕ್ಷೆಯನ್ನು ಷರತ್ತಾಗಿ ಹಾಕಲಾಗದು. ಒಬ್ಬನ ಸೋಂಕಿನ ಸಂಗತಿಯನ್ನು ಅವನ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸಲಾಗದು. ಆಹಾರ ಸುರಕ್ಷೆಯ ನಿಯಮದಂತೆ ವರುಷಕ್ಕೊಮ್ಮೆ ನಡೆಸುವ ಕೆಲಸಗಾರರ ವೈದ್ಯಕೀಯ ತಪಾಸಣೆಯನ್ನು ಈ ಕಾನೂನನ್ನು ಮುರಿಯುವ ಹಿಂಬಾಗಿಲನ್ನಾಗಿ ಯಾರೂ ಮಾಡಬಾರದು. ಕೆಲಸಗಾರನು ತನ್ನ ಸಂಗತಿಯನ್ನು ಧಣಿಗೆ ಹೇಳಲೇಬೇಕೆಂದೂ ನಾವು ಹೇಳುತ್ತಿಲ್ಲ. ಅವನು ಹೇಳಬೇಕಾದುದು ವೈದ್ಯರಿಗೆ. ವೈದ್ಯರ ಮುಂದೆ ನಿರ್ಭಯನಾಗಿ ನಿಲ್ಲಲು ಬೇಕಾದ ರಜೆಯನ್ನೂ ಗೌರವವನ್ನೂ ಕೊಡುವುದು ಧಣಿಯ ಪಾಲಿಗೆ ಬಿಟ್ಟದ್ದು.

ನಮ್ಮಿಂದ ಆಗಬೇಕಾದುದು

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದುಗಳಲ್ಲಿ ಹೊಟೇಲು, ಕ್ಯಾಂಟೀನು, ಅಂಗಡಿಗಳನ್ನು ನಡೆಸುತ್ತಿರುವ ಬಾಂಧವರಲ್ಲಿ ನಮ್ಮ ವಿನಂತಿಗಳು ಕೆಲವೇ.

ಕೆಲಸಗಾರನೊಬ್ಬ ಸೊರಗಿದರೆ ಖಾಸಗಿಯಾಗಿ ಎಕ್ಸ್‌ರೇ ಒಂದನ್ನೇ ತೆಗೆಸಿ ಕೈತೊಳೆದುಕೊಳ್ಳಬೇಡಿ. ಸರಕಾರಿ ಆಸ್ಪತ್ರೆಯ ಕ್ಷಯ ವಿಭಾಗಕ್ಕೆ ಕಳುಹಿಸಿ. ಅಲ್ಲಿ ಹೊಸ ಯಂತ್ರದ ಕಫ ಪರೀಕ್ಷೆಯೂ ಔಷಧಿಯೂ ಉಚಿತ. ಎಚ್.ಐ.ವಿ. ಪರೀಕ್ಷೆಯೂ ಅಲ್ಲಿ ಉಚಿತ ಮತ್ತು ಗುಟ್ಟಿನದು. ಅದಕ್ಕೆ ಒಪ್ಪುವುದು ಬಿಡುವುದು ಅವನ ಇಷ್ಟ, ಫಲಿತಾಂಶ ಅವನದೇ ಆಸ್ತಿ. ಎಚ್.ಐ.ವಿ.ಯ ಔಷಧಿಯನ್ನು 2004ರ ಏಪ್ರಿಲ್ 1ರಿಂದ ಸರಕಾರ ಉಚಿತವಾಗಿ ಕೊಡುತ್ತಿದೆ, 2017ರಿಂದ ಸಿ.ಡಿ.4 ಸಂಖ್ಯೆ ಎಷ್ಟೇ ಇರಲಿ, ಸೋಂಕು ಇರುವ ಎಲ್ಲರಿಗೂ ಕೊಡುತ್ತಿದೆ. ನಿಯಮದಿಂದ ತೆಗೆದುಕೊಂಡವನು ಎಲ್ಲರಂತೆ ದುಡಿದು, ಎಲ್ಲರಂತೆ ಬಾಳಬಲ್ಲ. ಕ್ಷಯ ಇಲ್ಲವೆಂದು ಖಚಿತವಾದವರಿಗೆ ಅದು ಮುಂದೆ ಬಾರದಂತೆ ತಡೆಯುವ ಔಷಧಿಯೂ ಉಂಟು. ಕ್ಷಯದ ಚಿಕಿತ್ಸೆಯಲ್ಲಿ ಇರುವವರಿಗೆ ಪೌಷ್ಟಿಕ ಆಹಾರಕ್ಕಾಗಿ 2018ರಿಂದ ತಿಂಗಳಿಗೆ 500 ರೂಪಾಯಿ, 2024ರ ನವೆಂಬರಿನಿಂದ 1,000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ. ಊರಿನಿಂದ ಹೊಸದಾಗಿ ಬಂದ ಹುಡುಗನಿಗೆ ಖಾತೆ ಇಲ್ಲದಿದ್ದರೆ ತೆರೆಸಿಕೊಡುವುದು ನಮಗೆ ಅರ್ಧ ದಿನದ ಕೆಲಸ.

ತಿಂಗಳಿಗೊಮ್ಮೆ ಹಗಲಿನ ಹೊತ್ತು, ಕಾರಣ ಕೇಳದೆ, ಸಂಬಳ ಕಡಿಯದೆ ಅರ್ಧ ದಿನದ ರಜೆ ಕೊಡುವ ಪದ್ಧತಿಯನ್ನು ಎಲ್ಲ ಕೆಲಸಗಾರರಿಗೂ ಆರಂಭಿಸಿ. ಎಲ್ಲರಿಗೂ ಇದ್ದಾಗ ಯಾರು ಎಲ್ಲಿಗೆ ಹೋದರೆಂದು ಯಾರೂ ಬೆರಳು ತೋರಿಸಲಾರರು. ನಮ್ಮ ಕನ್ನಡ ಸಂಘಗಳು ವರುಷಕ್ಕೊಮ್ಮೆ ನಡೆಸುವ ಆರೋಗ್ಯ ಶಿಬಿರಗಳಲ್ಲಿ ರಕ್ತದೊತ್ತಡ, ಸಕ್ಕರೆಗಳ ಜೊತೆಗೆ ಮೇಲೆ ಹೇಳಿದ ನಾಲ್ಕು ಪ್ರಶ್ನೆಗಳನ್ನು ಕನ್ನಡದಲ್ಲಿ, ತುಳುವಿನಲ್ಲಿ, ಕೊಂಕಣಿಯಲ್ಲಿ ಕೇಳುವ ಏರ್ಪಾಡು ಮಾಡಲಿ. ಪರಭಾಷೆಯ ವೈದ್ಯರ ಮುಂದೆ ತಡವರಿಸುವ ನಮ್ಮ ಹುಡುಗರ ಜೊತೆಗೆ ಆಸ್ಪತ್ರೆಗೆ ಹೋಗಬಲ್ಲ ಇಬ್ಬರು ಸ್ವಯಂಸೇವಕರಿದ್ದರೆ ಸಾಕು, ಸಂಘದ ವಾರ್ಷಿಕೋತ್ಸವಕ್ಕಿಂತ ದೊಡ್ಡ ಕೆಲಸವಾದಂತೆ. ಸಂಶಯವಿದ್ದವರು ಹೆಸರು ಹೇಳದೆ 1097 ಸಂಖ್ಯೆಗೆ ದೂರವಾಣಿ ಮಾಡಿ ಎಚ್.ಐ.ವಿ. ವಿಷಯದಲ್ಲಿ ಸಲಹೆ ಪಡೆಯಬಹುದು, ಇದಕ್ಕೆ ಖರ್ಚಿಲ್ಲ.

ಕಡೆಗೆ ಒಂದು ಮಾತು. ಈ ಲೇಖನವನ್ನು ಓದುವ ಕೆಲಸಗಾರ ಮಿತ್ರರಲ್ಲಿ ಯಾರಾದರೂ ಇಂಥ ಗುಟ್ಟನ್ನು ಎದೆಯಲ್ಲಿಟ್ಟುಕೊಂಡಿದ್ದರೆ, ಎದೆಯ ಫೋಟೋ ತೆಗೆಸುವಾಗ ವೈದ್ಯರಿಗೆ ಅದನ್ನು ಹೇಳಿರಿ. ಫೋಟೋ ಸ್ವಚ್ಛವೆಂದರೂ ಜ್ವರವೋ ಬೆವರೋ ಉಳಿದಿದ್ದರೆ, "ನನಗೆ ಇನ್ನೂ ಮೈ ಸರಿಯಿಲ್ಲ, ಮುಂದಿನ ಪರೀಕ್ಷೆ ಮಾಡಿ" ಎಂದು ಪಟ್ಟುಹಿಡಿದು ಕೇಳಿರಿ. ನಿಮ್ಮ ಮೈ ಹೇಳುವುದನ್ನು ಹಾಳೆಯ ಮಾತಿಗಿಂತ ಕಡಿಮೆಯೆಂದು ಎಣಿಸಬೇಡಿರಿ.

ನಮ್ಮಂಥ ಧಣಿಗಳಾದರೋ, "ಹೇಳಿದ್ದರೆ ಇಟ್ಟುಕೊಳ್ಳುತ್ತಿದ್ದಿರಾ?" ಎಂಬ ಪ್ರಶ್ನೆಗೆ ಉತ್ತರವನ್ನು ಈಗಲೇ ಸಿದ್ಧಪಡಿಸಿಕೊಳ್ಳಬೇಕು. "ಇಟ್ಟುಕೊಳ್ಳುತ್ತಿದ್ದೆವು" ಎಂದು ನಾವು ಅಂದು ಹೇಳಲಾರದೆ ಹೋದೆವು. ಇಂದು ಹೇಳುತ್ತೇವೆ. ಕೇಳಿದವನು ಮಾತ್ರ ಈಗ ಇಲ್ಲ.